ಹಗ್ಗವೋ ಹಾವೋ? ಅಂಗಶೋಧನೆಯಲ್ಲಿ ಅಲೆಗಳ ಸಾಕ್ಷ್ಯ

ವಿಮಾನಯಾನ ಮಾಡತಕ್ಕ ಪ್ರತಿಯೊಬ್ಬನೂ ಇಂದು ಒಂದು ಪರೀಕ್ಷೆಗೆ ಒಳಗಾಗಬೇಕಾಗಿದೆ. ಹಣ ತೆತ್ತು ಟಿಕೀಟು ಕೊಂಡು, ಗುರುತಿನ ಪತ್ರವನ್ನು ತೋರಿಸಿ, ಕೈಚೀಲವನ್ನು ಯಂತ್ರದ ಬಾಯಿಗೆ ಒಪ್ಪಿಸಿದ ಮೇಲೂ ಆತನು ಒಂದು ಚಿಕ್ಕ ಮೆಟ್ಟಿಲಿನ ಮೇಲೆ ನಿಂತು, ಎರಡು ಕೈಗಳನ್ನೂ ಚಾಚಿ, ಅಪರಿಚಿತನಾದ ಕಾವಲುಗಾರನಿಂದ ಮೈ ತಡವಿಸಿಕೊಳ್ಳಬೇಕು. ಸ್ತ್ರೀಯರಿಗೆ ಪರದೆಯ ಮರೆಯೂ ಸ್ತ್ರೀ ಕಾವಲುಗಾರರೂ ಉಂಟೆಂಬುದು ನಿಜ. ಕಾವಲುಗಾರರಾದರೂ ತಮ್ಮ ಕರ್ತವ್ಯವನ್ನು ಮಾಡುತ್ತಿರುವರೇ ಹೊರತು ಯಾರನ್ನೂ ಅವಮಾನಪಡಿಸಬೇಕೆಂಬ ಬುದ್ಧಿ ಅವರಿಗಿಲ್ಲ. ಆದರೂ ಯಾವ ತಪ್ಪನ್ನೂ ಮಾಡದವರ ಮೈಯನ್ನು ಪರರು ಮುಟ್ಟಿ ನೋಡುವ ಈ ಪದ್ಧತಿಯನ್ನು ಜನರು ಸಂತೋಷದಿಂದ ಒಪ್ಪಿಕೊಂಡಿರುವರೆಂದು ಯಾರೂ ಹೇಳಲಾರರು; ಅವಶ್ಯವೆಂದು ತಿಳಿದು ಸಹಿಸಿಕೊಂಡಿದ್ದಾರೆ, ಅಷ್ಟೆ. ಅವಶ್ಯವಾದುದನ್ನು ಸಹಿಸುವುದು ನಾಗರಿಕನ ಧರ್ಮ. ಆ ಅವಶ್ಯಕತೆಯ ಎಲ್ಲೆ ಯಾವುದೆಂದು ಕೇಳುವುದು ಆತನ ಹಕ್ಕು.

ಈ ಪ್ರಶ್ನೆಯನ್ನು ನಾವು ಎತ್ತುವುದಕ್ಕೆ ಕಾರಣವುಂಟು. ನಾಗರಿಕ ವಿಮಾನಯಾನದ ಭದ್ರತೆಯನ್ನು ನೋಡಿಕೊಳ್ಳುವ ಕೇಂದ್ರ ಸರಕಾರದ ಇಲಾಖೆಯು ೨೦೧೯ನೆಯ ಏಪ್ರಿಲಿನಲ್ಲಿ ಒಂದು ಸುತ್ತೋಲೆಯನ್ನು ಹೊರಡಿಸಿ, ದೇಶದ ೮೪ ವಿಮಾನ ನಿಲ್ದಾಣಗಳಲ್ಲಿ ಇಡೀ ದೇಹವನ್ನು ಪರೀಕ್ಷಿಸುವ ಸ್ಕ್ಯಾನರ್ ಯಂತ್ರಗಳನ್ನು ನಿಲ್ಲಿಸಬೇಕೆಂದು ವಿಧಿಸಿತು. ಕಾರ್ಯವು ನಿರೀಕ್ಷಿಸಿದಷ್ಟು ಬೇಗನೆ ಸಾಗಲಿಲ್ಲ. ೨೦೨೫ನೆಯ ಮೇ ತಿಂಗಳಲ್ಲಿ ದಿಲ್ಲಿಯ ನಿಲ್ದಾಣದವರು ಮಿಲಿಮೀಟರ್ ತರಂಗಗಳಿಂದ ಕೆಲಸ ಮಾಡುವ ಇಂತಹ ಯಂತ್ರಗಳನ್ನು ಪರೀಕ್ಷಾರ್ಥವಾಗಿ ಸ್ಥಾಪಿಸುವುದಾಗಿ ಪ್ರಕಟಿಸಿದರು. ಯಂತ್ರವು ಬಂದರೆ ಮೈ ತಡವುವುದು ತಪ್ಪೀತೆಂದು ಹಲವರು ನಂಬಿದ್ದಾರೆ. ತಪ್ಪಬಹುದು, ಆದರೆ ಯಂತ್ರವು ಬಂದ ಮಾತ್ರಕ್ಕೆ ತಪ್ಪಲಾರದು. ಅದು ಸರಿಯಾಗಿ ನೋಡಬಲ್ಲುದಾದರೆ ಮಾತ್ರ ತಪ್ಪೀತು. ಸರಿಯಾಗಿ ನೋಡುವುದೆಂದರೇನು, ಅದಕ್ಕೆ ವಿಜ್ಞಾನಿಗಳು ಕಂಡುಕೊಂಡಿರುವ ಉಪಾಯವೇನು ಎಂಬುದನ್ನು ವಾಚಕರ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ನಮ್ಮ ವೇದಾಂತಿಗಳು ಭ್ರಾಂತಿಯನ್ನು ವಿವರಿಸುವಾಗ ರಜ್ಜುಸರ್ಪದ ದೃಷ್ಟಾಂತವನ್ನು ಕೊಡುವುದು ಎಲ್ಲರಿಗೂ ತಿಳಿದಿದೆ. ಮಬ್ಬುಗತ್ತಲಲ್ಲಿ ಹಾದಿಯ ಮೇಲೆ ಬಿದ್ದ ಹಗ್ಗವನ್ನು ಕಂಡು ಹಾವೆಂದು ಹೆದರುವುದು ಒಂದು ಬಗೆಯ ತಪ್ಪು. ಹಾವನ್ನೇ ಕಂಡು ಹಗ್ಗವೆಂದು ಕೈಯಿಕ್ಕುವುದು ಇನ್ನೊಂದು ಬಗೆಯ ತಪ್ಪು. ಮೊದಲನೆಯದರಿಂದ ವೃಥಾ ಗಾಬರಿ, ಎರಡನೆಯದರಿಂದ ಪ್ರಾಣಾಪಾಯ. ಶೋಧನಾ ಯಂತ್ರವು ಮಾಡಬಹುದಾದ ತಪ್ಪುಗಳೂ ಇವೆರಡೇ. ನಿರಪರಾಧಿಯ ಉಡುಗೆಯ ಮಡಿಕೆಯನ್ನು ಆಯುಧವೆಂದು ಕೂಗಿಕೊಳ್ಳುವುದು ಒಂದು. ನಿಜವಾದ ಆಯುಧವನ್ನು ಕಾಣದೆ ಬಿಟ್ಟುಬಿಡುವುದು ಇನ್ನೊಂದು. ಒಂದನ್ನು ಕಡಮೆ ಮಾಡಲು ಹೊರಟರೆ ಸಾಮಾನ್ಯವಾಗಿ ಮತ್ತೊಂದು ಹೆಚ್ಚುತ್ತದೆ. ಎರಡನ್ನೂ ಒಟ್ಟಿಗೆ ಕಡಮೆ ಮಾಡಬೇಕಾದರೆ ಹೆದರಿಕೆಯನ್ನು ಹೆಚ್ಚಿಸುವುದರಿಂದಾಗಲಿ ಧೈರ್ಯವನ್ನು ಹೆಚ್ಚಿಸುವುದರಿಂದಾಗಲಿ ಫಲವಿಲ್ಲ, ದೀಪವನ್ನು ಹೆಚ್ಚಿಸಬೇಕು.

ಹಳೆಯ ಲೋಹಶೋಧಕ ಯಂತ್ರವೇ ಸಾಲದೆ ಎಂದು ಕೆಲವರು ಕೇಳಬಹುದು. ಸಾಲದು. ಆ ಯಂತ್ರಕ್ಕೆ ಲೋಹವೊಂದೇ ಕಾಣುವುದು. ೨೦೦೯ನೆಯ ಡಿಸೆಂಬರ್ ೨೫ರಂದು ಆಮ್‌ಸ್ಟರ್‌ಡಾಮಿನಿಂದ ಅಮೇರಿಕದ ಡೆಟ್ರಾಯಿಟ್ ನಗರಕ್ಕೆ ಹೊರಟಿದ್ದ ವಿಮಾನವೊಂದರಲ್ಲಿ ಯುವಕನೊಬ್ಬನು ತನ್ನ ಒಳಉಡುಪಿನಲ್ಲಿ ಹೊಲಿದುಕೊಂಡು ತಂದಿದ್ದ ಸ್ಫೋಟಕವನ್ನು ಹೊತ್ತಿಸಲು ಯತ್ನಿಸಿದನು. ಅದು ಪೂರ್ಣವಾಗಿ ಸಿಡಿಯದೆ ಹೋದುದರಿಂದಲೂ ಸಹಪ್ರಯಾಣಿಕರ ಸಾಹಸದಿಂದಲೂ ವಿಮಾನವು ಉಳಿಯಿತು. ಲೋಹವಿಲ್ಲದ ಆ ಪುಡಿಯನ್ನು ಲೋಹಶೋಧಕವು ಹೇಗೆ ತಾನೇ ಕಂಡೀತು? ಆ ದಿನದಿಂದ ಮುಂದೆ ಬಟ್ಟೆಯ ಒಳಗನ್ನು ನೋಡಬಲ್ಲ ಯಂತ್ರಗಳಿಗೆ ಜಗತ್ತಿನಾದ್ಯಂತ ಬೇಡಿಕೆ ಬಂದಿತು.

ಬಟ್ಟೆಯ ಒಳಗನ್ನು ನೋಡುವುದಕ್ಕೆ ಮಿಲಿಮೀಟರ್ ತರಂಗಗಳು ಬಹಳ ಅನುಕೂಲವಾದುವು. ಒಂದು ಅಲೆಯ ತುದಿಯಿಂದ ಮುಂದಿನ ಅಲೆಯ ತುದಿಗೆ ಒಂದರಿಂದ ಹತ್ತು ಮಿಲಿಮೀಟರಿನಷ್ಟು ಅಂತರವಿರುವ ವಿದ್ಯುತ್ಕಾಂತ ತರಂಗಗಳಿಗೆ ಈ ಹೆಸರು. ಸೆಕೆಂಡಿಗೆ ಮೂರು ಸಾವಿರ ಕೋಟಿಯಿಂದ ಮೂವತ್ತು ಸಾವಿರ ಕೋಟಿ ಬಾರಿ, ಎಂದರೆ ೩೦ರಿಂದ ೩೦೦ ಗಿಗಾಹರ್ಟ್ಸ್‌ವರೆಗೆ, ಇವು ಕಂಪಿಸುತ್ತವೆ. ಹತ್ತಿಯ ಬಟ್ಟೆ, ರೇಷ್ಮೆ, ಉಣ್ಣೆ ಇವುಗಳನ್ನು ಈ ಅಲೆಗಳು ಸುಲಭವಾಗಿ ದಾಟುತ್ತವೆ. ನೀರಿನ ಅಂಶ ತುಂಬಿದ ಚರ್ಮವನ್ನು ಮಾತ್ರ ದಾಟಲಾರವು. ಮೇಲ್ಪದರದಲ್ಲಿಯೇ ತಡೆದು ಹಿಂದಿರುಗುತ್ತವೆ. ಲೋಹದಿಂದಂತೂ ಪೂರ್ತಿಯಾಗಿ ಹಿಂದಿರುಗುತ್ತವೆ. ಕ್ಷ-ಕಿರಣಗಳಂತೆ ದೇಹದ ಕಣಗಳನ್ನು ಒಡೆಯುವ ಶಕ್ತಿ ಇವುಗಳಿಗಿಲ್ಲ. ಯಂತ್ರವು ಹೊರಡಿಸುವ ಶಕ್ತಿಯೂ ಅತ್ಯಲ್ಪವಾದುದು. ಆದಕಾರಣ ಆರೋಗ್ಯದ ವಿಷಯದಲ್ಲಿ ಭಯಪಡುವವರು ಆ ಭಯವನ್ನು ಬಿಡಬಹುದು.

ಈ ಅಲೆಗಳ ಚರಿತ್ರೆಯಲ್ಲಿ ಭಾರತೀಯರು ಹೆಮ್ಮೆಪಡಬಹುದಾದ ಒಂದು ಅಧ್ಯಾಯವುಂಟು. ಕಲಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಉಪಾಧ್ಯಾಯರಾಗಿದ್ದ ಜಗದೀಶಚಂದ್ರ ಬೋಸರು ೧೮೯೫ರ ಸುಮಾರಿನಲ್ಲಿಯೇ ಐದು ಮಿಲಿಮೀಟರಿನಷ್ಟು ಚಿಕ್ಕ ಅಲೆಗಳನ್ನು ಉತ್ಪತ್ತಿ ಮಾಡಿ, ಅವುಗಳ ಸ್ವಭಾವವನ್ನು ಪರೀಕ್ಷಿಸುತ್ತಿದ್ದರು. ವಿದ್ಯುತ್ತರಂಗಗಳು ಗೋಡೆಯನ್ನು ದಾಟಿ ಹೋಗಿ ದೂರದಲ್ಲಿದ್ದ ಗಂಟೆಯನ್ನು ಬಾರಿಸಿ, ಮದ್ದನ್ನು ಹೊತ್ತಿಸುವುದನ್ನು ಅವರು ಕಲಕತ್ತೆಯ ಸಭಿಕರಿಗೆ ತೋರಿಸಿಕೊಟ್ಟರು. ಅಂದು ಮದ್ದನ್ನು ಹೊತ್ತಿಸಿದ ಅಲೆಗಳ ಬಳಗದವೇ ಇಂದು ಮದ್ದನ್ನು ಹುಡುಕಲು ಹೊರಟಿವೆ. ೧೮೯೭ನೆಯ ಜನವರಿಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಅವರು ಉಪನ್ಯಾಸ ಮಾಡಿದರು. ನಮ್ಮ ವಿಷಯಕ್ಕೆ ಮುಖ್ಯವಾದುದೇನೆಂದರೆ, ಅವರ ಪರಿಶೋಧನೆಗಳಲ್ಲಿ ಬಹುಭಾಗವು ಅಲೆಗಳ ಧ್ರುವೀಕರಣಕ್ಕೆ ಸಂಬಂಧಪಟ್ಟಿತ್ತು. ಹುರಿಗೊಳಿಸಿದ ಸಣಬಿನ ಕಟ್ಟುಗಳ ಮೂಲಕ ಅಲೆಯನ್ನು ಹಾಯಿಸಿ ಅದರ ಕಂಪನದ ದಿಕ್ಕು ತಿರುಗುವುದನ್ನು ತೋರಿಸಿದರು. ರೈಲ್ವೆ ವೇಳಾಪಟ್ಟಿಯ ಪುಸ್ತಕದ ಹಾಳೆಗಳ ನಡುವೆ ತವರದ ತಗಡುಗಳನ್ನಿಟ್ಟು, ಅದನ್ನೇ ಧ್ರುವೀಕರಿಸುವ ಉಪಕರಣವನ್ನಾಗಿ ಮಾಡಿಕೊಂಡರು. ಬಡತನದ ಪ್ರಯೋಗಶಾಲೆಯಲ್ಲಿ ಬುದ್ಧಿಯ ಸಂಪತ್ತು ಎಂತಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಧ್ರುವೀಕರಣವೆಂಬ ದೊಡ್ಡ ಹೆಸರನ್ನು ಕೇಳಿ ವಾಚಕರು ಬೆದರಬೇಕಾಗಿಲ್ಲ. ಅಲೆಯೊಂದು ನಮ್ಮ ಕಡೆಗೆ ಬರುತ್ತಿರುವಾಗ ಅದರ ವಿದ್ಯುತ್ ಕಂಪನವು ಮೇಲಕ್ಕೂ ಕೆಳಕ್ಕೂ ಆಗುತ್ತಿರಬಹುದು, ಇಲ್ಲವೆ ಎಡಕ್ಕೂ ಬಲಕ್ಕೂ ಆಗುತ್ತಿರಬಹುದು. ಮಗ್ಗದ ಮೇಲೆ ಹಾಸಿನ ಎಳೆ ಒಂದು ದಿಕ್ಕಿಗೂ ಹೊಕ್ಕಿನ ಎಳೆ ಅದಕ್ಕೆ ಅಡ್ಡವಾಗಿಯೂ ಇರುವಂತೆ ಇವೆರಡನ್ನು ತಿಳಿಯತಕ್ಕದ್ದು. ಒಂದನ್ನು ನೆಟ್ಟಲೆಯೆಂದೂ ಇನ್ನೊಂದನ್ನು ಅಡ್ಡಲೆಯೆಂದೂ ಕರೆಯೋಣ. ತೆಳ್ಳಗೆ ಉದ್ದವಾಗಿರುವ ಒಂದು ತಂತಿಯು ನೆಟ್ಟಗೆ ನಿಂತಿದೆಯೆಂದು ಇಟ್ಟುಕೊಳ್ಳೋಣ. ನೆಟ್ಟಲೆಯು ಬಂದು ತಾಕಿದರೆ ತಂತಿಯ ಉದ್ದಕ್ಕೂ ವಿದ್ಯುತ್ತು ಹರಿದು ಅಲೆಯು ಬಲವಾಗಿ ಹಿಂದಿರುಗುವುದು. ಅಡ್ಡಲೆಯು ಬಂದರೆ ಬಹುಮಟ್ಟಿಗೆ ಅದನ್ನು ದಾಟಿಕೊಂಡು ಹೋಗುವುದು. ಎಂದ ಮೇಲೆ ಒಂದೇ ವಸ್ತುವು ಒಂದು ಅಲೆಗೆ ಕಾಣುವುದು, ಇನ್ನೊಂದಕ್ಕೆ ಕಾಣದಿರುವುದು ಉಂಟು. ಬಾಗಿದ ಅಂಚುಗಳೂ ಓರೆಯಾದ ಮೂಲೆಗಳೂ ಉಳ್ಳ ವಸ್ತುಗಳು ಮತ್ತೂ ಒಂದು ಕೆಲಸ ಮಾಡುತ್ತವೆ: ನೆಟ್ಟಗೆ ಬಂದ ಅಲೆಯ ಒಂದು ಪಾಲನ್ನು ಅಡ್ಡಗೆ ತಿರುಗಿಸಿ ಕಳುಹಿಸುತ್ತವೆ.

ಇಂದಿನ ಯಂತ್ರಗಳ ಮೂಲವು ಅಮೇರಿಕದ ವಾಷಿಂಗ್ಟನ್ ರಾಜ್ಯದಲ್ಲಿರುವ ಪೆಸಿಫಿಕ್ ನಾರ್ತ್‌ವೆಸ್ಟ್ ರಾಷ್ಟ್ರೀಯ ಪ್ರಯೋಗಶಾಲೆಯಲ್ಲಿದೆ. ಅಲ್ಲಿಯ ವಿಜ್ಞಾನಿಗಳು ೨೦೦೧ರಲ್ಲಿ ಪ್ರಕಟಿಸಿದ ಪ್ರಬಂಧವು ಈ ಕ್ಷೇತ್ರದಲ್ಲಿ ಇಂದಿಗೂ ಆಧಾರವೆನ್ನಿಸಿದೆ. ಮನುಷ್ಯನು ಕೈಗಳನ್ನೆತ್ತಿ ಗಾಜಿನ ಗೂಡಿನಂತಹ ಸ್ಥಳದಲ್ಲಿ ನಿಲ್ಲುವನು; ಆಂಟೆನಾಗಳ ಸಾಲು ಸುತ್ತ ತಿರುಗುತ್ತ ಅಲೆಗಳನ್ನು ಕಳುಹಿಸಿ ಪ್ರತಿಧ್ವನಿಗಳನ್ನು ಸಂಗ್ರಹಿಸುವುದು; ಗಣಕಯಂತ್ರವು ಅವುಗಳಿಂದ ಮೈಯ ಚಿತ್ರವನ್ನು ಕಟ್ಟುವುದು. ಈ ಬಗೆಯ ಪ್ರಸಿದ್ಧ ಯಂತ್ರವೊಂದು ೨೪ರಿಂದ ೩೦ ಗಿಗಾಹರ್ಟ್ಸ್ ಅಲೆಗಳನ್ನು, ಎಂದರೆ ಒಂದು ಸೆಂಟಿಮೀಟರಿನ ಆಸುಪಾಸಿನ ಅಲೆಗಳನ್ನು ಬಳಸುತ್ತದೆ. ದಿಲ್ಲಿಯಲ್ಲಿ ಪ್ರಕಟವಾದ ಯಂತ್ರಗಳು ೭೦ರಿಂದ ೮೦ ಗಿಗಾಹರ್ಟ್ಸ್‌ನವು. ಅವುಗಳ ಅಲೆ ನಾಲ್ಕು ಮಿಲಿಮೀಟರಿನಷ್ಟು. ಅಲೆಯ ಉದ್ದದ ಅರ್ಧದಷ್ಟು ಸೂಕ್ಷ್ಮವನ್ನು ಚಿತ್ರದಲ್ಲಿ ಬೇರ್ಪಡಿಸಿ ಕಾಣುವುದು ಸಾಧ್ಯವಾದುದರಿಂದ, ಅಲೆಯು ಚಿಕ್ಕದಾದಷ್ಟೂ ಚಿತ್ರವು ಸ್ಪಷ್ಟವಾಗುವುದು.

ಆದರೆ ಸ್ಪಷ್ಟವಾದ ಚಿತ್ರವೇ ಸತ್ಯವಾದ ಚಿತ್ರವೆಂದು ತಿಳಿಯಲಾಗದು. ಈ ಅಲೆಗಳಿಗೆ ಮನುಷ್ಯನ ಚರ್ಮವು ನುಣುಪಾದ ಕನ್ನಡಿಯಂತೆ ತೋರುತ್ತದೆ. ಕನ್ನಡಿಯನ್ನು ಸ್ವಲ್ಪ ಓರೆ ಮಾಡಿದರೆ ಬೆಳಕು ಬೇರೆ ಕಡೆಗೆ ಹೋಗುವಂತೆ, ಯಂತ್ರಕ್ಕೆ ಎದುರಾಗಿರದ ಮೈಯ ಭಾಗವು ಚಿತ್ರದಲ್ಲಿ ಕಪ್ಪಾಗಿ ಉಳಿಯುವುದು. ಎದುರಾಗಿರುವ ಭಾಗವು ಕಣ್ಣು ಕೋರೈಸುವಂತೆ ಹೊಳೆಯುವುದು. ಪಿಂಗಾಣಿ, ಪ್ಲಾಸ್ಟಿಕ್, ಮೇಣದಂತಹ ಸ್ಫೋಟಕ ಇವುಗಳಿಂದ ಬರುವ ಮಂದವಾದ ಪ್ರತಿಧ್ವನಿಯು ಈ ಹೊಳಪಿನ ನಡುವೆ ಅಡಗಿಹೋಗಬಹುದು. ಬೆವರಿನಿಂದ ತೊಯ್ದ ಅಂಗಿ, ದಪ್ಪನೆಯ ಮಡಿಕೆ, ಲೋಹದ ಗುಂಡಿ ಇವೇ ಆಯುಧದ ಹಾಗೆ ತೋರಬಹುದು.

ಇದು ಕೇವಲ ತರ್ಕವಲ್ಲ, ಅನುಭವ. ಜರ್ಮನಿಯ ಹ್ಯಾಂಬರ್ಗ್ ನಿಲ್ದಾಣದಲ್ಲಿ ೨೦೧೦ನೆಯ ಸೆಪ್ಟೆಂಬರಿನಿಂದ ೨೦೧೧ನೆಯ ಜುಲೈವರೆಗೆ ಸುಮಾರು ಎಂಟು ಲಕ್ಷ ಪ್ರಯಾಣಿಕರ ಮೇಲೆ ಇಂತಹ ಯಂತ್ರಗಳ ಪ್ರಯೋಗವನ್ನು ನಡೆಸಿದರು. ನೂರರಲ್ಲಿ ೫೪ ಹುಸಿ ಎಚ್ಚರಿಕೆಗಳಾದುವೆಂದು ವರದಿಯಾಯಿತು. ಎಂದರೆ ಏನೂ ಇಲ್ಲದ ಇಬ್ಬರಲ್ಲಿ ಒಬ್ಬನನ್ನಾದರೂ ನಿಲ್ಲಿಸಿ ಮೈ ತಡವಬೇಕಾಯಿತು. ಯಂತ್ರವು ಇನ್ನೂ ಪಕ್ವವಾಗಿಲ್ಲವೆಂದು ಆ ಸರಕಾರವು ಅದನ್ನು ಎಲ್ಲೆಡೆಗೆ ಹರಡದೆ ನಿಲ್ಲಿಸಿತು. ಇದು ಹಗ್ಗವನ್ನು ಹಾವೆಂದ ಕಥೆ. ಹಾವನ್ನು ಹಗ್ಗವೆಂದ ಕಥೆ ಅಮೇರಿಕದಲ್ಲಿ ನಡೆಯಿತು. ಅಲ್ಲಿಯ ಸರಕಾರದ ಗುಪ್ತ ಪರೀಕ್ಷಕರು ಪ್ರಯಾಣಿಕರ ವೇಷದಲ್ಲಿ ನಿಷಿದ್ಧ ವಸ್ತುಗಳನ್ನು ಒಯ್ದು ನೋಡಿದಾಗ ೭೦ರಲ್ಲಿ ೬೭ ಬಾರಿ ಸಿಕ್ಕಿಬೀಳದೆ ದಾಟಿಹೋದರೆಂದು ೨೦೧೫ರಲ್ಲಿ ಪತ್ರಿಕೆಗಳಿಗೆ ತಿಳಿದುಬಂತು. ಅದು ಯಂತ್ರದೊಂದರ ತಪ್ಪಲ್ಲ, ಕಾವಲಿನ ಇಡೀ ವ್ಯವಸ್ಥೆಯ ತಪ್ಪೆಂಬುದನ್ನು ನಾವು ಮರೆತಿಲ್ಲ. ಆದರೂ ಯಂತ್ರವನ್ನು ಕೊಂಡೊಡನೆ ನಿಶ್ಚಿಂತರಾಗಬಹುದೆಂದು ನಂಬುವವರು ಈ ಎರಡು ಅಂಕೆಗಳನ್ನು ಮೇಜಿನ ಮೇಲೆ ಬರೆದಿಟ್ಟುಕೊಳ್ಳಬೇಕು.

ಹಾಗಾದರೆ ದೀಪವನ್ನು ಹೆಚ್ಚಿಸುವುದು ಹೇಗೆ? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರ ಗಾದೆ. ಒಂದು ದಿಕ್ಕಿನಲ್ಲಿ ಕಂಪಿಸುವ ಅಲೆಯಿಂದ ತೆಗೆದ ಚಿತ್ರವು ಒಬ್ಬ ಸಾಕ್ಷಿಯ ಮಾತಿನಂತೆ. ಅದೇ ಮೈಯನ್ನು ಬೇರೆ ಬೇರೆ ಧ್ರುವೀಕರಣಗಳಿಂದ ನೋಡಿ, ನೆಟ್ಟಗೆ ಕಳುಹಿಸಿ ನೆಟ್ಟಗೆ ಪಡೆದುದು, ಅಡ್ಡಗೆ ಕಳುಹಿಸಿ ಅಡ್ಡಗೆ ಪಡೆದುದು, ನೆಟ್ಟಗೆ ಕಳುಹಿಸಿ ಅಡ್ಡಗೆ ಪಡೆದುದು ಎಂಬ ಮೂರು ಚಿತ್ರಗಳನ್ನು ತೆಗೆದರೆ ಮೂವರು ಸಾಕ್ಷಿಗಳಾದರು. ಒಬ್ಬನಿಗೆ ಕಾಣದುದು ಇನ್ನೊಬ್ಬನಿಗೆ ಕಂಡೀತು. ಒಬ್ಬನು ಭ್ರಮೆಗೊಂಡಲ್ಲಿ ಇನ್ನೊಬ್ಬನು ತಿದ್ದಿಯಾನು. ಈ ಚಿತ್ರಗಳನ್ನು ಒಂದುಗೂಡಿಸಿ ಒಂದೇ ತೀರ್ಮಾನಕ್ಕೆ ಬರುವ ವಿದ್ಯೆಯೇ ನಾವು ಹೇಳಹೊರಟ ಚಿತ್ರ ಸಂಯೋಜನೆ.

ಸಾಕ್ಷಿಗಳಲ್ಲಿ ಇನ್ನೊಂದು ಜಾತಿಯುಂಟು. ಅಲೆಯ ಕಂಪನವು ನೇರವಾಗಿರದೆ ತಿರುಪಿನಂತೆ ಸುತ್ತುತ್ತ ಬರುವಂತೆಯೂ ಮಾಡಬಹುದು. ಬಲಸುತ್ತು, ಎಡಸುತ್ತು ಎಂದು ಅದರಲ್ಲಿ ಎರಡು ಬಗೆ. ಕನ್ನಡಿಯಲ್ಲಿ ನಮ್ಮ ಬಲಗೈ ಎಡಗೈಯಾಗಿ ತೋರುವಂತೆ, ಬಲಸುತ್ತಿನ ಅಲೆಯು ಒಮ್ಮೆ ತಾಕಿ ಹಿಂದಿರುಗಿದರೆ ಎಡಸುತ್ತಾಗುವುದು. ಮೂಲೆಯಲ್ಲಿಟ್ಟ ಎರಡು ಕನ್ನಡಿಗಳಲ್ಲಿ ತಾಕಿ ಬಂದರೆ ಮತ್ತೆ ಬಲಸುತ್ತೇ ಆಗುವುದು. ನುಣುಪಾದ ಮೈಯಿಂದ ಅಲೆಯು ಬಹುಮಟ್ಟಿಗೆ ಒಮ್ಮೆ ತಾಕಿ ಹಿಂದಿರುಗುತ್ತದೆ. ಮನುಷ್ಯನು ಮಾಡಿದ ವಸ್ತುಗಳಿಗೆ ಮೂಲೆಗಳೂ ಏಣುಗಳೂ ಇರುವುದರಿಂದ ಅಲ್ಲಿ ಎರಡು ಸಲ ತಾಕುವುದುಂಟು. ಆದುದರಿಂದ ಮೊದಲಿನ ಸುತ್ತಿನಲ್ಲಿಯೇ ಮರಳಿದ ಅಲೆಗಳನ್ನು ಬೇರ್ಪಡಿಸಿ ಚಿತ್ರ ಬರೆದರೆ ಮೈಯ ಹೊಳಪು ತಗ್ಗಿ ವಸ್ತುವಿನ ರೇಖೆಗಳು ಮೇಲೇಳುತ್ತವೆ. ಮೇಲೆ ಹೇಳಿದ ಪ್ರಯೋಗಶಾಲೆಯವರೇ ೨೦೦೫ರಲ್ಲಿ ಈ ಕ್ರಮವನ್ನು ಪ್ರಯಾಣಿಕರ ಶೋಧನೆಗಾಗಿ ವಿವರಿಸಿದರು. ಆದರೆ ಕಂಕುಳಿನಲ್ಲಿಯೂ ಬೆರಳುಗಳ ಸಂದಿನಲ್ಲಿಯೂ ಅಲೆಯು ಎರಡು ಸಲ ತಾಕಬಹುದು. ಈ ಸಾಕ್ಷಿಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ.

ಇನ್ನು ಒಂದುಗೂಡಿಸುವ ಕ್ರಮ. ಮೊದಲನೆಯ ನಿಬಂಧನೆ, ಎಲ್ಲ ಚಿತ್ರಗಳೂ ಒಂದರ ಮೇಲೊಂದು ಸರಿಯಾಗಿ ಕೂಡಬೇಕು. ಒಂದನ್ನು ಮೊದಲೂ ಇನ್ನೊಂದನ್ನು ಆಮೇಲೂ ತೆಗೆದರೆ ನಡುವೆ ಮನುಷ್ಯನು ಉಸಿರಾಡಿ ಅಲುಗಿರುತ್ತಾನೆ. ನಾಲ್ಕು ಮಿಲಿಮೀಟರಿನ ಅಲೆಗೆ ಒಂದು ಮಿಲಿಮೀಟರಿನ ಅಲುಗಾಟವೂ ದೊಡ್ಡದೇ. ಆದಕಾರಣ ಆಂಟೆನಾಗಳು ಎಲ್ಲ ಧ್ರುವೀಕರಣಗಳನ್ನೂ ಸಾಧ್ಯವಾದಷ್ಟು ಒಟ್ಟಿಗೇ ಪಡೆಯುವಂತೆ ಯಂತ್ರವನ್ನು ರಚಿಸಬೇಕು. ಕಳಪೆ ಯಂತ್ರದ ತಪ್ಪನ್ನು ಗಣಿತದಿಂದ ಮುಚ್ಚಿಹಾಕುವುದು ಸುಲಭವಲ್ಲ.

ಕೂಡಿಸುವುದು ಮೂರು ಹಂತಗಳಲ್ಲಿ ಆಗಬಹುದು. ಚಿತ್ರದ ಪ್ರತಿಯೊಂದು ಬಿಂದುವಿನಲ್ಲಿಯೂ ಕೂಡಿಸುವುದು ಮೊದಲನೆಯ ಹಂತ. ಪ್ರತಿಯೊಂದು ಚಿತ್ರವನ್ನೂ ಒಟ್ಟು ಆಕಾರವೆಂದೂ ಸೂಕ್ಷ್ಮವಾದ ಅಂಚುಗಳೆಂದೂ ಎರಡಾಗಿ ಬಿಡಿಸಿ, ಆಕಾರಗಳನ್ನು ಸರಾಸರಿ ಮಾಡಿ, ಅಂಚುಗಳಲ್ಲಿ ಯಾವುದು ಪ್ರಬಲವೋ ಅದನ್ನು ಉಳಿಸಿಕೊಂಡು, ಮತ್ತೆ ಒಂದಾಗಿ ಹೆಣೆಯುವ ಪದ್ಧತಿಯು ಇದರಲ್ಲಿ ಪ್ರಸಿದ್ಧವಾದುದು. ಒಂದೊಂದು ಧ್ರುವೀಕರಣಕ್ಕೆ ಒಂದೊಂದು ಬಣ್ಣವನ್ನು ಕೊಟ್ಟು ನೋಡುವುದೂ ಉಂಟು. ಎರಡನೆಯ ಹಂತದಲ್ಲಿ ಚಿತ್ರಗಳ ಬದಲಾಗಿ ಲಕ್ಷಣಗಳನ್ನು, ಎಂದರೆ ಈ ಸ್ಥಳದಲ್ಲಿ ಅಂಚು ಎಷ್ಟು, ದಿಕ್ಕು ತಿರುಗಿದ ಪಾಲು ಎಷ್ಟು, ಸುತ್ತು ಯಾವುದು ಎಂಬುವುಗಳನ್ನು ಒಟ್ಟಿಗೆ ಪರಿಶೀಲಿಸುವರು. ಮೂರನೆಯದರಲ್ಲಿ ಪ್ರತಿಯೊಂದು ಚಿತ್ರವೂ ತನ್ನ ತೀರ್ಪನ್ನು ಬೇರೆಯಾಗಿ ಹೇಳುವುದು. ಆ ತೀರ್ಪುಗಳನ್ನು ಪಂಚಾಯಿತರ ಅಭಿಪ್ರಾಯಗಳಂತೆ ತೂಗಿ ಕೊನೆಯ ತೀರ್ಪನ್ನು ಕೊಡುವರು.

ತೂಗುವುದೆಂಬ ಮಾತನ್ನು ನಾವು ಬೇಕೆಂದೇ ಬಳಸಿದ್ದೇವೆ. ಎಣಿಸಿದರೆ ಸಾಲದು. ಒಂದು ಲೆಕ್ಕವನ್ನು ನೋಡೋಣ. ಇಬ್ಬರು ಸಾಕ್ಷಿಗಳಲ್ಲಿ ಪ್ರತಿಯೊಬ್ಬನೂ ನೂರು ಆಯುಧಗಳಲ್ಲಿ ೯೦ನ್ನು ಹಿಡಿಯುವನು, ನೂರು ನಿರಪರಾಧಿಗಳಲ್ಲಿ ೧೦ ಜನರನ್ನು ತಪ್ಪಾಗಿ ಹಿಡಿಯುವನು ಎಂದು ಭಾವಿಸಿರಿ. ಇಬ್ಬರ ತಪ್ಪುಗಳಿಗೂ ಪರಸ್ಪರ ಸಂಬಂಧವಿಲ್ಲವೆಂದೂ ಇಟ್ಟುಕೊಳ್ಳಿರಿ. ಇಬ್ಬರೂ ಹೌದೆಂದಾಗ ಮಾತ್ರ ಹಿಡಿಯುವುದಾದರೆ ಸಾವಿರ ನಿರಪರಾಧಿಗಳಲ್ಲಿ ೧೦೦ಕ್ಕೆ ಬದಲಾಗಿ ೧೦ ಜನರಿಗೆ ಮಾತ್ರ ತೊಂದರೆ. ಆದರೆ ನೂರು ಆಯುಧಗಳಲ್ಲಿ ೮೧ ಮಾತ್ರ ಸಿಕ್ಕುವುವು, ೧೯ ತಪ್ಪಿಸಿಕೊಳ್ಳುವುವು. ಒಬ್ಬನು ಹೌದೆಂದರೂ ಸಾಕೆನ್ನುವುದಾದರೆ ೯೯ ಆಯುಧಗಳು ಸಿಕ್ಕುವುವು. ಆದರೆ ಸಾವಿರದಲ್ಲಿ ೧೯೦ ನಿರಪರಾಧಿಗಳ ಮೈ ತಡವಬೇಕಾಗುವುದು. ಮೊದಲನೆಯದು ಪ್ರಯಾಣಿಕನಿಗೆ ಹಿತ, ಕಳ್ಳನಿಗೂ ಹಿತ. ಎರಡನೆಯದು ಕಾವಲಿಗೆ ಹಿತ, ಗೌರವಕ್ಕೆ ಅಹಿತ. ಮೇಲಾಗಿ ಒಂದೇ ಮಡಿಕೆಯು ಇಬ್ಬರನ್ನೂ ಒಟ್ಟಿಗೆ ಮೋಸಗೊಳಿಸುವುದುಂಟಾದ್ದರಿಂದ ನಿಜವಾದ ಲಾಭವು ಈ ಲೆಕ್ಕಕ್ಕಿಂತಲೂ ಕಡಮೆಯೇ.

ಆದಕಾರಣ ಒಳ್ಳೆಯ ಸಂಯೋಜನೆಯು ಹೌದು, ಅಲ್ಲ ಎಂಬ ಮಾತುಗಳನ್ನು ಎಣಿಸುವುದಿಲ್ಲ. ಯಾವ ಸಾಕ್ಷಿಯು ಯಾವ ಸ್ಥಳದಲ್ಲಿ ಎಷ್ಟು ದೃಢವಾಗಿ ಹೇಳುತ್ತಾನೆ, ಆ ಬಗೆಯ ಸ್ಥಳದಲ್ಲಿ ಅವನ ಮಾತು ಹಿಂದೆ ಎಷ್ಟು ನಿಜವಾಗಿತ್ತು ಎಂಬುದನ್ನು ನೋಡಿ ಬೆಲೆ ಕಟ್ಟುತ್ತದೆ. ಎದೆಯ ಮೇಲೆ ನೆಟ್ಟಲೆಯು ಹೊಳಪನ್ನು ಕಂಡು ದಿಕ್ಕು ತಿರುಗಿದ ಅಲೆಯು ಏನನ್ನೂ ಕಾಣದಿದ್ದರೆ ಅದು ಮೈಯ ಹೊಳಪೇ ಇರಬಹುದು. ಎರಡೂ ಒಂದೇ ಸ್ಥಳದಲ್ಲಿ ಏಣುಳ್ಳ ಆಕಾರವನ್ನು ಕಂಡರೆ ಸಂದೇಹಕ್ಕೆ ಬಲವುಂಟು. ಹೀಗೆ ತೂಗುವುದನ್ನು ಇಂದಿನ ಗಣಕಯಂತ್ರಗಳು ಸಹಸ್ರಾರು ಉದಾಹರಣೆಗಳಿಂದ ಕಲಿತುಕೊಳ್ಳುತ್ತವೆ.

ಇಲ್ಲಿಯೇ ನಮ್ಮ ಅಧಿಕಾರಿವರ್ಗದವರು ಎಚ್ಚರದಿಂದಿರಬೇಕು. ಉದಾಹರಣೆಗಳಿಂದ ಕಲಿತ ಯಂತ್ರವು ಉದಾಹರಣೆಯಲ್ಲಿ ಇಲ್ಲದುದನ್ನು ಅರಿಯದು. ಷರಟು ಷರಾಯಿಗಳನ್ನು ತೊಟ್ಟವರ ಚಿತ್ರಗಳಿಂದಲೇ ಕಲಿತ ಯಂತ್ರಕ್ಕೆ ಸೀರೆಯ ನಿರಿಗೆ, ಜರತಾರಿಯ ಸೆರಗು, ಕಚ್ಚೆ ಪಂಚೆ, ರುಮಾಲು, ಬಳೆ, ಮಾಂಗಲ್ಯ ಇವೆಲ್ಲ ಹಾವುಗಳಾಗಿಯೇ ಕಂಡಾವು. ಜರತಾರಿಯಲ್ಲಿ ಲೋಹದ ಎಳೆಯಿರುವುದರಿಂದ ಅದು ಎಳೆಯ ದಿಕ್ಕಿಗೆ ಅನುಸಾರವಾಗಿ ಒಂದು ಧ್ರುವೀಕರಣವನ್ನು ಹೆಚ್ಚಾಗಿಯೂ ಇನ್ನೊಂದನ್ನು ಕಡಮೆಯಾಗಿಯೂ ಹಿಂದಕ್ಕೆ ಕಳುಹಿಸುವುದು ಸಹಜ. ಈ ಗುಣವನ್ನು ಯಂತ್ರಕ್ಕೆ ಕಲಿಸಿದರೆ ಅದು ಜರತಾರಿಯನ್ನು ಜರತಾರಿಯೆಂದೇ ಗುರುತಿಸೀತು. ಕಲಿಸದಿದ್ದರೆ ಮದುವೆಗೆ ಹೊರಟ ಪ್ರತಿಯೊಬ್ಬ ಗೃಹಿಣಿಯೂ ಪರದೆಯ 뒤ೆ ನಿಲ್ಲಬೇಕಾದೀತು. ಅಮೇರಿಕದಲ್ಲಿಯೂ ಸಿಖ್ಖರ ಪೇಟ, ಕರಿಯ ಸ್ತ್ರೀಯರ ಜಡೆ ಇವುಗಳ ಸಂಬಂಧವಾಗಿ ದೂರುಗಳೆದ್ದುವು. ಕೆಲವು ವರ್ಗದ ಪ್ರಯಾಣಿಕರೇ ಹೆಚ್ಚಾಗಿ ಮರುಶೋಧನೆಗೆ ಗುರಿಯಾಗುತ್ತಿರುವರೇ ಎಂಬುದನ್ನು ಅಂಕೆಸಂಖ್ಯೆಗಳಿಂದ ಪರಿಶೀಲಿಸಬೇಕೆಂದು ಅಲ್ಲಿಯ ಸರಕಾರದ ಲೆಕ್ಕಪರಿಶೋಧನಾ ಕಚೇರಿಯು ೨೦೨೨ರಲ್ಲಿ ಸೂಚಿಸಿತು.

ಸಂಯೋಜನೆಯಲ್ಲಿಯೂ ಅಪಾಯಗಳಿಲ್ಲದಿಲ್ಲ. ಸರಾಸರಿ ಮಾಡುವ ಭರದಲ್ಲಿ ಒಂದೇ ಚಿತ್ರದಲ್ಲಿ ಕಂಡಿದ್ದ ಮಂದವಾದ ಸುಳಿವು ಅಳಿಸಿಹೋಗಬಹುದು. ದಿಕ್ಕು ತಿರುಗಿ ಬರುವ ಅಲೆಯು ಸ್ವಭಾವತಃ ದುರ್ಬಲವಾದುದು. ಅದನ್ನು ಹಿಗ್ಗಿಸುವಾಗ ಯಂತ್ರದ ಗದ್ದಲವೂ ಹಿಗ್ಗಿ, ಇಲ್ಲದ ಅಂಚುಗಳು ಹುಟ್ಟಬಹುದು. ಕಣ್ಣಿಗೆ ಅಂದವಾದ ಚಿತ್ರವನ್ನು ತೋರಿಸಿ ಯಂತ್ರ ಮಾರುವವರೂ ಇರಬಹುದು. ಚಿತ್ರವು ಅಂದವಾಗಿದೆಯೇ ಎಂಬುದು ಪ್ರಶ್ನೆಯಲ್ಲ. ಎಷ್ಟು ಆಯುಧಗಳು ಸಿಕ್ಕಿದುವು, ಎಷ್ಟು ನಿರಪರಾಧಿಗಳು ಉಳಿದರು ಎಂಬುದೊಂದೇ ಪ್ರಶ್ನೆ. ಇನ್ನೂ ಒಂದು ಮಾತು. ಈ ಅಲೆಗಳು ಮೈಯ ಒಳಕ್ಕೆ ಹೋಗವು. ಕಂಡ ವಸ್ತು ಏನೆಂಬುದನ್ನೂ ನಿಶ್ಚಯವಾಗಿ ಹೇಳಲಾರವು. ಇಲ್ಲಿ ಏನೋ ಇದೆ ಎಂದಷ್ಟೇ ಅವು ಹೇಳುವುದು. ಕೊನೆಯ ವಿವೇಕವು ಮನುಷ್ಯನದೇ.

ಬಟ್ಟೆಯ ಒಳಗನ್ನು ಕಾಣುವ ಯಂತ್ರವು ಮಾನವನ್ನು ಕಾಯಬಲ್ಲುದೇ ಎಂಬ ಶಂಕೆಗೆ ಉತ್ತರವುಂಟು. ಮೊದಮೊದಲು ಮೈಯ ಚಿತ್ರವನ್ನು ಅಧಿಕಾರಿಯೊಬ್ಬನು ಬೇರೆ ಕೋಣೆಯಲ್ಲಿ ಕುಳಿತು ನೋಡುತ್ತಿದ್ದನು. ಜನರ ಪ್ರತಿಭಟನೆಯ ಫಲವಾಗಿ ಅಮೇರಿಕದಲ್ಲಿ ೨೦೧೧ರಿಂದ ಚಿತ್ರವನ್ನು ಯಂತ್ರವೇ ಪರಿಶೀಲಿಸಿ, ಎಲ್ಲರಿಗೂ ಒಂದೇ ಆಗಿರುವ ಬೊಂಬೆಯ ಆಕಾರದ ಮೇಲೆ ಸಂದೇಹದ ಸ್ಥಳವನ್ನಷ್ಟೆ ಗುರುತು ಮಾಡುವ ಏರ್ಪಾಡು ಬಂದಿತು. ಆ ಏರ್ಪಾಡನ್ನು ಅಳವಡಿಸಿಕೊಳ್ಳಲಾರದ ಕ್ಷ-ಕಿರಣದ ಯಂತ್ರಗಳನ್ನು ೨೦೧೩ರಲ್ಲಿ ಅಲ್ಲಿಯ ನಿಲ್ದಾಣಗಳಿಂದ ತೆಗೆದುಹಾಕಿದರು. ಚಿತ್ರ ಸಂಯೋಜನೆಯು ಈ ಮಾರ್ಗಕ್ಕೆ ಬಲ ಕೊಡುವುದು. ಯಂತ್ರದ ತೀರ್ಪು ನಂಬಿಕೆಗೆ ಅರ್ಹವಾದಷ್ಟೂ ಮನುಷ್ಯನ ಕಣ್ಣೂ ಕೈಯೂ ಪ್ರಯಾಣಿಕನಿಂದ ದೂರ ಉಳಿಯುವುವು.

ಇದು ಕೇವಲ ಸೌಜನ್ಯದ ಮಾತಲ್ಲ, ಹಕ್ಕಿನ ಮಾತು. ಏಕಾಂತದ ಹಕ್ಕು ರಾಜ್ಯಾಂಗವು ಕೊಟ್ಟ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು ೨೦೧೭ನೆಯ ಆಗಸ್ಟ್ ೨೪ರಂದು ತೀರ್ಪಿತ್ತಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ. ಸರಕಾರವು ಆ ಹಕ್ಕನ್ನು ಮಿತಗೊಳಿಸಬೇಕಾದರೆ ಕಾನೂನಿನ ಆಧಾರವಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಉಪಾಯವಿರಬೇಕು ಎಂಬುದು ಆ ತೀರ್ಪಿನ ಸಾರ. ಹುಸಿ ಎಚ್ಚರಿಕೆಗಳನ್ನು ಕಡಮೆ ಮಾಡುವ ವಿದ್ಯೆಯು ಕೈಗೆಟುಕುವಂತಿರುವಾಗ ಅದನ್ನು ಬಳಸದೆ ಜನರ ಮೈ ತಡವುತ್ತಿರುವುದು ತಕ್ಕಷ್ಟೇ ಉಪಾಯವೆಂದು ಹೇಗೆ ಹೇಳಲಾದೀತು?

ಈ ವಿದ್ಯೆಗೆ ನಾವು ಪರರ ಮುಂದೆ ಕೈಚಾಚಬೇಕಾಗಿಯೂ ಇಲ್ಲ. ಬೋಸರ ಮಾತು ಹಾಗಿರಲಿ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ ತರುಣ ಪಂಚರತ್ನಂ ಅವರು ೧೯೫೬ರಲ್ಲಿ ಧ್ರುವೀಕರಿಸಿದ ಬೆಳಕಿನ ಕಿರಣಗಳ ಸಂಯೋಗವನ್ನು ಕುರಿತು ಬರೆದ ಪ್ರಬಂಧವು ಇಂದು ಜಗತ್ತಿನಾದ್ಯಂತ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ನಮ್ಮ ಬಾಹ್ಯಾಕಾಶ ಸಂಸ್ಥೆಯು ೨೦೧೨ರಲ್ಲಿ ಹಾರಿಸಿದ ರಿಸ್ಯಾಟ್-೧ ಉಪಗ್ರಹವು ಸುತ್ತುವ ಅಲೆಯನ್ನು ಕಳುಹಿಸಿ, ನೆಟ್ಟಗೂ ಅಡ್ಡಗೂ ಮರಳಿದುದನ್ನು ಪಡೆದು ನೆಲದ ಚಿತ್ರಗಳನ್ನು ತೆಗೆಯಿತು. ೨೦೨೫ನೆಯ ಜುಲೈ ೩೦ರಂದು ಶ್ರೀಹರಿಕೋಟೆಯಿಂದ ಏರಿದ ನಿಸಾರ್ ಉಪಗ್ರಹವೂ ಹಲವು ಧ್ರುವೀಕರಣಗಳಿಂದ ಭೂಮಿಯನ್ನು ನೋಡುವಂತೆ ರಚಿತವಾದುದು. ಏಳುನೂರು ಕಿಲೋಮೀಟರಿಗೂ ಮೇಲಿನಿಂದ ಕಾಡನ್ನೂ ಹೊಲವನ್ನೂ ಧ್ರುವೀಕರಣದಿಂದ ಬೇರ್ಪಡಿಸುವ ಗಣಿತವನ್ನು ಬಲ್ಲವರಿಗೆ ಒಂದು ಮಾರು ದೂರದಲ್ಲಿ ನಿಂತವನ ಸೀರೆಯನ್ನೂ ಚೂರಿಯನ್ನೂ ಬೇರ್ಪಡಿಸುವುದು ಅಸಾಧ್ಯವಾಗಬಾರದು.

ಯಂತ್ರಗಳನ್ನು ಕೊಳ್ಳುವ ಅಧಿಕಾರಿಗಳಿಗೆ ನಾವು ಸೂಚಿಸುವುದಿಷ್ಟೆ. ಒಂದೇ ಧ್ರುವೀಕರಣದಿಂದ ನೋಡುವ ಯಂತ್ರವೇ, ಹಲವುಗಳಿಂದ ನೋಡುವ ಯಂತ್ರವೇ ಎಂಬುದನ್ನು ಕೇಳಿರಿ. ಹಲವುಗಳಾದರೆ ಅವುಗಳನ್ನು ಕೂಡಿಸುವುದರಿಂದ ಆದ ಲಾಭವನ್ನು ಅಂಕೆಗಳಲ್ಲಿ ತೋರಿಸಹೇಳಿರಿ. ನಮ್ಮ ಜನರ ಉಡುಗೆ ತೊಡುಗೆಗಳ ಮೇಲೆ, ನಮ್ಮ ಸೆಖೆಯಲ್ಲಿ, ನಮ್ಮವರ ಬೆವರಿನಲ್ಲಿ ಅದನ್ನು ಪರೀಕ್ಷಿಸಿರಿ. ಪ್ರಯಾಣಿಕರ ಚಿತ್ರವನ್ನು ಉಳಿಸಿಕೊಳ್ಳದಂತೆ ಕಟ್ಟುಮಾಡಿರಿ. ನೂರು ಪ್ರಯಾಣಿಕರಲ್ಲಿ ಎಷ್ಟು ಜನರನ್ನು ವೃಥಾ ತಡೆಯಬೇಕಾಯಿತೆಂಬುದನ್ನು ವರ್ಷಕ್ಕೊಮ್ಮೆ ಪ್ರಕಟಿಸಿರಿ. ಅಂಕೆಗಳನ್ನು ಪ್ರಕಟಿಸಿದರೆ ದುಷ್ಟರಿಗೆ ಅನುಕೂಲವಾಗುವುದೆಂಬ ಆಕ್ಷೇಪಣೆಯು ಬರಬಹುದು. ಎಷ್ಟು ಆಯುಧಗಳು ತಪ್ಪಿಸಿಕೊಂಡುವೆಂಬ ಲೆಕ್ಕವನ್ನು ಗೋಪ್ಯವಾಗಿಟ್ಟು, ಇಲಾಖೆಗೆ ಸೇರದ ಪರೀಕ್ಷಕರಿಗೆ ಒಪ್ಪಿಸುವುದು ಯುಕ್ತವೇ. ಆದರೆ ಎಷ್ಟು ನಿರಪರಾಧಿಗಳನ್ನು ತಡೆದೆವೆಂಬ ಲೆಕ್ಕದಿಂದ ಯಾವ ಕಳ್ಳನೂ ಏನನ್ನೂ ಕಲಿಯಲಾರನು. ಅದನ್ನು ಮುಚ್ಚಿಡುವುದರಿಂದ ರಕ್ಷಣೆಯಾಗುವುದು ಪ್ರಜೆಗಲ್ಲ, ಕಚೇರಿಗೆ.

ನ್ಯಾಯಾಸ್ಥಾನದಲ್ಲಿ ಒಬ್ಬನ ಮಾತನ್ನು ನಂಬಿ ಯಾರನ್ನೂ ದಂಡಿಸುವುದಕ್ಕೆ ನಾವು ಹಿಂದೆಗೆಯುತ್ತೇವೆ. ಇನ್ನೊಬ್ಬ ಸಾಕ್ಷಿಯನ್ನು ಕರೆಸಿ ಇಬ್ಬರ ಮಾತನ್ನೂ ತೂಗುತ್ತೇವೆ. ವಿಮಾನ ನಿಲ್ದಾಣದ ಬಾಗಿಲಲ್ಲಿ ನಿಂತ ಪ್ರಜೆಗೂ ಅಷ್ಟು ನ್ಯಾಯವು ಸಲ್ಲತಕ್ಕದ್ದು. ಅವನ ಪ್ರಾಣವನ್ನು ಕಾಯುವ ಭಾರ ಸರಕಾರದ ಮೇಲಿದೆ. ಅವನ ಮಾನವನ್ನು ಕಾಯುವ ಭಾರವೂ ಅದರ ಮೇಲೆಯೇ ಇದೆ. ಎರಡನ್ನೂ ಕೂಡಿಸಿ ನಡಸಬಲ್ಲ ವಿದ್ಯೆಯು ಇಂದು ದೊರೆತಿರುವಾಗ ಒಂದಕ್ಕಾಗಿ ಇನ್ನೊಂದನ್ನು ಬಲಿಗೊಡುವ ಕಾರಣವಿಲ್ಲ. ನಮ್ಮ ಅಧಿಕಾರಿಗಳು ಈ ಮಾತನ್ನು ಯಂತ್ರಗಳು ಬರುವ ಮೊದಲೇ ಮನಸ್ಸಿಗೆ ತಂದುಕೊಳ್ಳುವರೆಂದು ಆಶಿಸುತ್ತೇವೆ.